ಹಾಲುಪುಡಿಯ ಡಬ್ಬಿ

ಶುಕ್ರವಾರ ಸಂಜೆ ಆರೂವರೆಗೆ ನಮಗೆ ಕೋಣೆ ಸಿಗುತ್ತದೆ.
ಅಲ್ಲಿಯ ತನಕ ತಮಿಳರ ಪ್ರಾರ್ಥನೆ,
ಎಂಟಾಗುವ ಮೊದಲೇ ಬಾಗಿಲಲ್ಲಿ ಫಿಲಿಪೀನೋ ಹುಡುಗರ ಗಿಟಾರು.
ನಡುವಿನ ಒಂದೂವರೆ ತಾಸು ನಮ್ಮದು:
ಒಂಬತ್ತು ನೀಲಿ ಕುರ್ಚಿ,
ಸೋರುವ ಏಸಿಯ ಕೆಳಗೊಂದು ಬಕೆಟ್ಟು.

ಶಾರ್ಜಾದಲ್ಲಿ ಒಂದು ತೊಟ್ಟೂ ಸಿಗುವುದಿಲ್ಲವಂತೆ ಎಂದು
ಊರಿನ ತಾಯಂದಿರು ಫೋನಿನಲ್ಲಿ ನೆಮ್ಮದಿಪಡುತ್ತಾರೆ.
ಟ್ಯಾಕ್ಸಿ ಹತ್ತಿದರೆ ಅಜ್ಮಾನ್ ಕಾಲು ಗಂಟೆ.
ಅದನ್ನು ನಾನು ಯಾವ ತಾಯಿಗೂ ಹೇಳಿಲ್ಲ.

ಗುಂಪಿನ ಮುಂದಾಳು ನಾನೇ.
ಪಾದ್ರಿಯಲ್ಲ, ಡಾಕ್ಟರಲ್ಲ,
ಲಾರಿಯ ಬಿಡಿಭಾಗಗಳ ಗೋದಾಮಿನಲ್ಲಿ ಲೆಕ್ಕ ಬರೆಯುವವ.
ಕೆಲಸ ಇಷ್ಟೆ. ಚಹಾ ಕಾಸುವುದು, ಬಾಗಿಲು ಹಾಕುವುದು,
ಮೌನ ಉದ್ದವಾದರೆ ಅದನ್ನು ಮುರಿಯದಿರುವುದು.
ಈ ಮೂರನೆಯದು ಕಲಿಯಲು ನಾಲ್ಕು ವರ್ಷ ಹಿಡಿಯಿತು.

ಮತ್ತೆ ಆ ಡಬ್ಬಿ.
ನನ್ನ ಮಂಚದಡಿಯ ಹಳದಿ ಹಾಲುಪುಡಿ ಡಬ್ಬಿಯೊಳಗೆ
ಬೆಟಗೇರಿಯ ಪ್ರಸನ್ನಕುಮಾರನ ಬ್ಯಾಂಕ್ ಕಾರ್ಡು,
ಅಡುಗೆಯ ವಾಲ್ಟರನದು, ಎಬನೇಜರನದು,
ನರ್ಸ್ ವಿಜಯಲೀಲಾಳ ನಿದ್ದೆಮಾತ್ರೆಯ ಖಾಲಿ ಹಾಳೆ.
ಮಾತ್ರೆ ಮೋರಿಗೆ ಹೋದವು,
ಹಾಳೆ ಇಟ್ಟಿರಿ ಎಂದವಳು ಅವಳೇ, ಯಾಕೆಂದು ಹೇಳಲಿಲ್ಲ.

ಸಂಬಳ ಬಿದ್ದ ರಾತ್ರಿ ಫೋನು ಸುಮ್ಮನಿರುವುದಿಲ್ಲ.
“ಅಣ್ಣಾರ, ಊರಿಗೆ ರೊಕ್ಕ ಹಾಕೋದೈತಿ, ಕಾರ್ಡ್ ಕೊಡ್ರಿ.”
“ಬಾ, ಎಕ್ಸ್‌ಚೇಂಜಿಗೆ ಜೊತೆಯಲ್ಲೇ ಹೋಗೋಣ.”
ಆ ಕಡೆ ಉಸಿರು ಮಾತ್ರ.
“ಇರಲಿ ಬಿಡ್ರಿ, ನಾಳೆ ನೋಡೂಣು.”

ಒಂದು ಶುಕ್ರವಾರ ಎಬನೇಜರ ಕೇಳಿದ:
“ಕಾನಾ ಊರಿನ ಮದುವೆಯಲ್ಲಿ ಸ್ವಾಮಿ ಮೊದಲು ಮಾಡಿದ್ದೇ ಅದಲ್ವಾ?
ನೀರನ್ನು ನೀರಾಗಿಯೇ ಬಿಟ್ಟಿದ್ರೆ ಗಂಟೇನು ಹೋಗ್ತಿತ್ತು?”
ಎಲ್ಲರೂ ನಕ್ಕರು. ವಿಜಯಲೀಲಾ ಕೂಡ, ಬಂದಮೇಲೆ ಮೊದಲ ಸಲ.
ನನ್ನಲ್ಲಿ ಉತ್ತರವಿರಲಿಲ್ಲ.
ಬಕೆಟ್ಟಿಗೆ ಹನಿ ಬೀಳುತ್ತಿತ್ತು.
ಕೊನೆಗೆ ಅಂದೆ: ಕಲ್ಲಿನ ಬಾನಿಗಳಿದ್ದವಲ್ಲ, ಆರು,
ಸೇದಿ, ಹೊತ್ತು, ಕಂಠದವರೆಗೆ ನೀರು ತುಂಬಿದ ಆಳುಗಳ
ಹೆಸರನ್ನು ಯಾರೂ ಬರೆದಿಡಲಿಲ್ಲ.
ಆಮೇಲೆ ಆದದ್ದು ಅವರ ಕೈಯದಲ್ಲ.
ನಮ್ಮ ಪಾಲಿಗೆ ನೀರು ಬಂದಿದೆ. ಸೇದೋಣ.
“ಜಾರಿಕೊಂಡ್ರಿ ನೀವು,” ಅಂದ ಅವನು.
ಹೌದು, ಜಾರಿಕೊಂಡೆ.

ಮರುವಾರ ಅವನ ಕುರ್ಚಿ ಖಾಲಿ.
ನಾಲ್ಕನೆಯ ರಾತ್ರಿ ಒಂದೂವರೆಗೆ ಕರೆ:
ಅಜ್ಮಾನಿನ ಸಮುದ್ರದ ಬದಿ, ಬೋರ್ಡಿಲ್ಲದ ಬಿಳಿ ಗೋಡೆಯ ಅಂಗಡಿ.
ದಾರಿ ಕೇಳಬೇಕಾಗಲಿಲ್ಲ ನನಗೆ.
ಎಡಕ್ಕೆ ತಿರುಗುವ ಮೊದಲೇ
ಕಾಲು ಬ್ರೇಕಿನ ಮೇಲಿತ್ತು,
ಏಳು ವರ್ಷವಾದರೂ ಕಾಲಿಗೆ ಮರೆವಿಲ್ಲ.
ಕಾರಿನಿಂದ ಇಳಿಯಲಿಲ್ಲ. ಹಾರ್ನ್ ಹೊಡೆದೆ.

ಈಗ ಹೇಳುತ್ತೇನೆ: ಡಬ್ಬಿಯಲ್ಲಿ ಎಲ್ಲರ ಕಾರ್ಡಿದೆ, ನನ್ನದಿಲ್ಲ.
ನನ್ನದು ಎಬನೇಜರನ ಬಳಿ ಇರುತ್ತದೆ.
ಮೂರು ಸಲ ಬಿದ್ದವನ ಕೈಗೆ ಯಾಕೆ ಕೊಟ್ಟಿರಿ ಎಂದು
ಪಾದ್ರಿಗಳು ಕೇಳಿದ್ದರು.
ನಿಂತವರು ಯಾರೂ ಸಿಗಲಿಲ್ಲ ಅಂದಿದ್ದೆ.
ಅದರ ನಾಲ್ಕಂಕಿಯೂ ಅವನಿಗೆ ಗೊತ್ತು,
ನಾನು ಬಿಟ್ಟ ದಿನ, ತಿಂಗಳು.
ಪ್ರತಿ ವರ್ಷ ಆ ದಿನ ಕೇಕು ತರುವವನು ಅವನೇ.

ಬಂದು ಕೂತ. ವಾಸನೆಯೂ ಕೂತಿತು.
ಕ್ರೇನಿನ ಮೇಲೇರುವ ಆ ದೊಡ್ಡ ಕೈ ನಡುಗುತ್ತ
ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ತೆಗೆಯಿತು.
“ಕುಡಿದದ್ದು ಸಾಲದ ದುಡ್ಡಲ್ಲಿ.
ಇದ್ರಲ್ಲಿ ಬ್ಯಾಲೆನ್ಸ್ ಎಷ್ಟುಂಟೂಂತ ಸಹ ನೋಡ್ಲಿಲ್ಲ ಮಾರಾಯ್ರೆ.”

ಕಾರ್ಡನ್ನು ಅವನ ಜೇಬಿಗೇ ತುರುಕಿದೆ.
ಬೈಯಬೇಕೆಂದುಕೊಂಡು ಬಂದ ಮಾತು
ಮೊದಲ ಸಿಗ್ನಲ್ಲಿನ ತನಕ ಬಾಯಲ್ಲೇ ಉಳಿಯಿತು.

“ನೀರುಂಟಾ?” ಎಂದ.

ಹಿಂದಿನ ಸೀಟಿನಲ್ಲಿತ್ತು, ಅರ್ಧ ಬಾಟಲಿ,
ಮಧ್ಯಾಹ್ನದ ಬಿಸಿಲು ಇನ್ನೂ ಆರದೆ.